ಕುಡಿತ ಬಿಟ್ಟವರಿಗೆ ಜೊತೆ: ಮಂಗಳೂರು, ಉಡುಪಿಯಲ್ಲಿ ಬೆಂಬಲ ಗುಂಪು ಹುಡುಕುವ ಸಮಗ್ರ ಮಾರ್ಗದರ್ಶಿ

ಚಿಕಿತ್ಸೆ ಮುಗಿಸಿ ಮನೆಗೆ ಬಂದವರು ಮತ್ತೆ ಗ್ಲಾಸು ಹಿಡಿಯುವ ಅಪಾಯ ಅತಿ ಹೆಚ್ಚು ಇರುವುದು ಮೊದಲ ಮೂರು ತಿಂಗಳಲ್ಲಿ. ವಾರ್ಡಿನಲ್ಲಿ ಹೊತ್ತುಹೊತ್ತಿಗೆ ಮಾತ್ರೆ, ಊಟ, ಕೌನ್ಸೆಲಿಂಗ್ ನಡೆಯುತ್ತಿರುತ್ತದೆ. ಮನೆಯಲ್ಲಿ ಸಂಜೆ ಏಳಾಗುತ್ತದೆ, ಹಳೆಯ ದೋಸ್ತಿಗಳ ಫೋನ್ ಬರುತ್ತದೆ, ಮಾಡಲು ಬೇರೆ ಕೆಲಸ ಇರುವುದಿಲ್ಲ. ಆ ಹೊತ್ತಿಗೆ ಹೋಗಲು ಒಂದು ಜಾಗ, ಕರೆ ಮಾಡಲು ಒಂದು ನಂಬರ್ ಮೊದಲೇ ಗೊತ್ತಿರಬೇಕು. ಆದ್ದರಿಂದ ಕುಡಿತ ಬಿಟ್ಟವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು ಹುಡುಕುವ ಕೆಲಸವನ್ನು ಅಡ್ಮಿಟ್ ಆಗಿರುವಾಗಲೇ ಶುರು ಮಾಡಿ. ಸಾಧ್ಯವಾದರೆ ಡಿಸ್ಚಾರ್ಜ್ ಆದ ದಿನ ಸಂಜೆಯೇ ಮೊದಲ ಸಭೆಗೆ ಹೋಗುವಂತೆ ದಿನ ಹೊಂದಿಸಿಕೊಳ್ಳಿ.

ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಅಂತರರಾಷ್ಟ್ರೀಯ ಕಾಕ್ರನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳ, 10,565 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿತು. ರೋಗಿಯನ್ನು ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಇಂಥದೇ ಗುಂಪಿನ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿಯದೆ ಉಳಿದವರ ಪ್ರಮಾಣ ಬೇರೆ ಬಗೆಯ ಮಾತಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದದ್ದು "ಕ್ರಮವಾಗಿ ಜೋಡಿಸುವ" ಎಂಬ ಭಾಗ. ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟರೆ ಹೆಚ್ಚಿನವರು ಹೋಗುವುದಿಲ್ಲ. ಯಾರಾದರೂ ಫೋನ್ ಮಾಡಿಸಿ, ಬಾಗಿಲಿನವರೆಗೆ ಜೊತೆಯಲ್ಲಿ ಬಂದರೆ ಹೋಗುತ್ತಾರೆ.

ಗುಂಪಿಗಿಂತ ಮೊದಲು ವೈದ್ಯರು

ಇದನ್ನು ಯಾರೂ ಹಾರಿಸಿ ಓದಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ನೈಂಟಿ ಹಾಕದೆ ಹಲ್ಲುಜ್ಜಲೂ ಆಗದವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಅಂಥವರು "ನಾಳೆ ಮೀಟಿಂಗ್‌ಗೆ ಹೋಗಬೇಕು, ಇವತ್ತೇ ನಿಲ್ಲಿಸುತ್ತೇನೆ" ಎಂದು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಕೊನೆಯ ಗುಟುಕಿನ ನಂತರ ಆರು ಗಂಟೆಯೊಳಗೇ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ 6ರಿಂದ 48 ಗಂಟೆಯೊಳಗೆ. ಎರಡು, ಮೂರನೆಯ ದಿನ ಇಲ್ಲದ್ದು ಕಾಣಿಸುವುದು, ಜಾಗ, ಹೊತ್ತು ತಿಳಿಯದಿರುವುದು, ಜ್ವರ, ವಿಪರೀತ ಚಡಪಡಿಕೆ ಕಂಡರೆ ಅದು ಡೆಲಿರಿಯಂ. ಇದು ಆಸ್ಪತ್ರೆಯ ತುರ್ತು. 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ಯಾರದೋ ಮಾಟ, ದೈವದ ಉಪದ್ರ ಎಂದುಕೊಂಡು ಎರಡು ದಿನ ಕಳೆಯುತ್ತಾರೆ. ಆ ಎರಡು ದಿನವೇ ನಿರ್ಣಾಯಕ. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸುವುದಿದ್ದರೆ ಆಮೇಲೆ ಕೇಳಿಸಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಇರುವವರು, ರಕ್ತ ವಾಂತಿ ಮಾಡಿದವರು, ಒಂಟಿಯಾಗಿ ವಾಸಿಸುವವರು ಮನೆಯಲ್ಲಿ ಕುಡಿತ ಬಿಡುವ ಪ್ರಯತ್ನ ಮಾಡಲೇಬಾರದು. ಇನ್ನೊಂದು ಸಾಮಾನ್ಯ ತಪ್ಪೆಂದರೆ, ಊಟ ಬಿಟ್ಟು ಕುಡಿಯುತ್ತಿದ್ದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎಂದು ಕೇಳುವುದು. ಬಹುಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಕಡಿಮೆ ಇರುತ್ತದೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿ ಆಗಬಹುದು. ಕುಡಿತದ ವಿಷಯ ಮುಚ್ಚಿಡದೆ ವೈದ್ಯರಿಗೆ ಹೇಳಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಈ ಎರಡು ಅವರಿಗೆ ಬೇಕೇ ಬೇಕು.

ಎಲ್ಲಿಗೆ ಹೋಗುವುದು? ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್, ಕೆಎಂಸಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೊಯ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಉಡುಪಿ ಕಡೆಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಉಂಟು. ಬೆಳ್ತಂಗಡಿ ತಾಲೂಕಿನ ಲಾಯಿಲದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದವರ ವ್ಯಸನಮುಕ್ತಿ ಕೇಂದ್ರವಿದೆ. ಪೇಟೆಯಿಂದ ದೂರ ಇರುವವರು ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಫೋನಿನಲ್ಲೇ ಶುರು ಮಾಡಬೇಕಿದ್ದರೆ ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿ ಸಿಗುವ ಗುಂಪುಗಳು

ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಕರೆಯುವಂತೆ ಎ.ಎ., 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಒಬ್ಬರು ಷೇರುಪೇಟೆಯ ಬಿಲ್ ವಿಲ್ಸನ್, ಇನ್ನೊಬ್ಬರು ಶಸ್ತ್ರವೈದ್ಯ ಬಾಬ್ ಸ್ಮಿತ್. ಸದಸ್ಯನಾಗಲು ಬೇಕಾದದ್ದು ಕುಡಿತ ಬಿಡುವ ಆಸೆ ಮಾತ್ರ. ಫೀಸಿಲ್ಲ, ಅರ್ಜಿಯಿಲ್ಲ, ಆಧಾರ್ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಡ. ಖರ್ಚನ್ನು ಸದಸ್ಯರೇ ಹಾಕಿಕೊಳ್ಳುತ್ತಾರೆ, ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ. ಸಭೆಗಳು ಚರ್ಚಿನ ಹಾಲ್, ಶಾಲೆಯ ಕೋಣೆಗಳಂಥ ಕಡೆ ನಡೆಯುವುದು ಹೆಚ್ಚು. ಇದನ್ನು ನೋಡಿ "ಮತಾಂತರದ ವಿಷಯವೋ ಏನೋ" ಎಂದು ಹಿಂಜರಿಯುವವರಿದ್ದಾರೆ. ಹಾಲ್ ಬರೀ ಜಾಗ ಅಷ್ಟೆ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ, ಸಭೆಯಲ್ಲಿ ಬರುವ "ದೇವರು" ಎಂಬ ಮಾತನ್ನು ಪ್ರತಿಯೊಬ್ಬರೂ ತಮಗೆ ತಿಳಿದಂತೆ ಅರ್ಥ ಮಾಡಿಕೊಳ್ಳಲು ಅಲ್ಲಿ ಅವಕಾಶವಿದೆ. ನಂಬಿಕೆ ಇಲ್ಲದವರೂ ಕೂರಬಹುದು.

ಎರಡನೆಯದು ನಮ್ಮ ನೆಲದಲ್ಲೇ ಬೆಳೆದದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಊರಿನವರದೇ ವ್ಯವಸ್ಥಾಪನಾ ಸಮಿತಿ, ಶಿಬಿರಾರ್ಥಿಗಳು ಅಲ್ಲೇ ವಾಸ. ಶಿಬಿರ ಮುಗಿಸಿದವರು ಸೇರುವುದು ನವಜೀವನ ಸಮಿತಿಗೆ. ಊರಿನಲ್ಲಿ ಇಂಥ ಸಮಿತಿ ಉಂಟೇ ಎಂದು ತಿಳಿಯಲು ಇಂಟರ್‌ನೆಟ್ ಹುಡುಕುವುದಕ್ಕಿಂತ ಸುಲಭ ದಾರಿ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳುವುದು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸ್ವಸಹಾಯ ಸಂಘದಲ್ಲಿ ಇರುವ ಹೆಂಗಸರಿಗೆ ಅವರ ನಂಬರ್ ಗೊತ್ತಿರುತ್ತದೆ. ಅವರಿಗೆ ತಿಳಿಯದಿದ್ದರೆ ವಲಯ ಮೇಲ್ವಿಚಾರಕರು, ಅದಕ್ಕೂ ಮೇಲೆ ತಾಲೂಕಿನ ಯೋಜನಾಧಿಕಾರಿ ಕಚೇರಿ. ಮುಂದಿನ ಶಿಬಿರ ಯಾವ ಊರಿನಲ್ಲಿ ಎಂಬುದೂ ಅಲ್ಲೇ ಸಿಗುತ್ತದೆ. ಒಂದು ಎಚ್ಚರ: ಮೇಲೆ ಹೇಳಿದ ಫಿಟ್ಸ್, ಕಾಮಾಲೆ ಇದ್ದವರು ಶಿಬಿರಕ್ಕಿಂತ ಮೊದಲು ಆಸ್ಪತ್ರೆಗೆ ಹೋಗಬೇಕು, ಮತ್ತು ಇದನ್ನು ಶಿಬಿರದವರಿಗೆ ಮುಚ್ಚಿಡಬಾರದು.

ಎರಡರಲ್ಲಿ ಯಾವುದು ಒಳ್ಳೆಯದು ಎಂಬ ವಾದದಲ್ಲಿ ಹುರುಳಿಲ್ಲ. ನವಜೀವನ ಸಮಿತಿಯಲ್ಲಿ ಊರು, ಮನೆ, ಭಜನೆ ಎಲ್ಲ ಕೂಡಿ ನಿಮ್ಮನ್ನು ಹಿಡಿದಿಡುತ್ತವೆ, ಹೆಂಡತಿ ಮಕ್ಕಳಿಗೂ ಅಲ್ಲಿ ಜಾಗವಿದೆ. ಆದರೆ ನೀವು ಕುಡಿಯುತ್ತಿದ್ದದ್ದು ಬಹಿರಂಗವಾಗುತ್ತದೆ. ಎ.ಎ.ಯಲ್ಲಿ ಗುಟ್ಟು ಉಳಿಯುತ್ತದೆ, ವಾರದಲ್ಲಿ ಹಲವು ದಿನ, ಬೇರೆ ಬೇರೆ ಊರಿನಲ್ಲಿ ಸಭೆ ಸಿಗುತ್ತದೆ. ಆದರೆ ಮನೆಬಾಗಿಲಿಗೆ ಬಂದು ವಿಚಾರಿಸುವವರು ಕಡಿಮೆ. ಎರಡಕ್ಕೂ ಹೋಗುವುದಕ್ಕೆ ಯಾವ ತಡೆಯೂ ಇಲ್ಲ.

ಇವಲ್ಲದೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಿಗಾಗಿ ಅಲ್ಲೇ ಗುಂಪು ಸಭೆ ನಡೆಯುತ್ತದೆಯೇ ಎಂದು ಕೌನ್ಸೆಲರನ್ನು ಕೇಳಿ. ಎ.ಎ.ಗೆ ಆನ್‌ಲೈನ್ ಸಭೆಗಳೂ ಇವೆ. ಮಳೆಗಾಲದಲ್ಲಿ, ಜ್ವರ ಬಂದಾಗ ಅವು ಆಪದ್ಬಾಂಧವ. ಆದರೆ ಮೊದಲ ತಿಂಗಳು ಅವನ್ನೇ ನೆಚ್ಚಬೇಡಿ. ಕ್ಯಾಮೆರಾ ಆಫ್ ಮಾಡಿ ಕುಡಿಯುತ್ತಾ ಕೇಳಿದರೂ ಯಾರಿಗೂ ತಿಳಿಯುವುದಿಲ್ಲ.

ಫೋನ್ ಮಾಡುವುದು

ಎ.ಎ. ಸಭೆಗಳ ಮಾಹಿತಿ ಸಿಗುವ ದಾರಿ ಮೂರು: ಆಸ್ಪತ್ರೆಯ ಮನೋವೈದ್ಯ ವಿಭಾಗದ ಸಮಾಜ ಕಾರ್ಯಕರ್ತರು, ಮುಂಬಯಿಯಲ್ಲಿರುವ ಎ.ಎ. ಇಂಡಿಯಾ ಜನರಲ್ ಸರ್ವಿಸ್ ಆಫೀಸಿನ ಜಾಲತಾಣ, ಮತ್ತು ಈಗಾಗಲೇ ಹೋಗುತ್ತಿರುವ ಯಾರಾದರೂ. ಮೊದಲನೆಯದೇ ಹೆಚ್ಚು ಗಟ್ಟಿ. ಎಷ್ಟೋ ವಾರ್ಡುಗಳಿಗೆ ಎ.ಎ. ಸದಸ್ಯರೇ ಬಂದು ರೋಗಿಗಳ ಜೊತೆ ಮಾತಾಡುವ ರೂಢಿಯಿದೆ. "ಎ.ಎ.ಯವರು ಇಲ್ಲಿಗೆ ಯಾವಾಗ ಬರುತ್ತಾರೆ? ಒಬ್ಬರನ್ನು ಭೇಟಿ ಮಾಡಿಸಿ" ಎಂದು ನೇರವಾಗಿ ಕೇಳಿ.

ಪಟ್ಟಿಯಲ್ಲಿ ಕಂಡ ಜಾಗಕ್ಕೆ ಸೀದಾ ಹೋಗಬೇಡಿ. ಹಾಲ್ ಬದಲಾಗಿರುತ್ತದೆ, ಸಮಯ ಅರ್ಧ ಗಂಟೆ ಹಿಂದೆ ಮುಂದೆ ಆಗಿರುತ್ತದೆ, ಹಬ್ಬದ ದಿನ ಬೀಗ ಹಾಕಿರುತ್ತದೆ. ತುಂಬಾ ಧೈರ್ಯ ಮಾಡಿ ಮೊದಲ ಸಲ ಬಂದವನು ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದರೆ ದಾರಿಯಲ್ಲಿ ವೈನ್‌ಶಾಪ್ ಸಿಗದೇ ಇರುವುದಿಲ್ಲ. ಅದೇ ದಿನ ಬೆಳಿಗ್ಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಏನು ಹೇಳುವುದು ಎಂದು ತೋಚದಿದ್ದರೆ ಇಷ್ಟು ಸಾಕು: "ನಮಸ್ಕಾರ. ನನಗೆ ಕುಡಿತದ ಸಮಸ್ಯೆ ಉಂಟು, ಬಿಡಬೇಕು ಅಂತ ಇದ್ದೇನೆ. ಮೀಟಿಂಗ್‌ಗೆ ಬರಬಹುದಾ?" ಎತ್ತಿದವರೂ ಒಂದು ದಿನ ಹೀಗೇ ಫೋನ್ ಮಾಡಿದವರೇ. ಆಮೇಲೆ ಕಾಗದ ಪೆನ್ನು ಹಿಡಿದು ಕೇಳಿ ಬರೆದುಕೊಳ್ಳಬೇಕಾದದ್ದು: ಇವತ್ತು ಸಭೆ ಇದೆಯೇ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಯಾವ ಗೇಟಿನಿಂದ ಒಳಗೆ ಬರಬೇಕು, ಯಾವ ಮಹಡಿ, ಮಾತು ಯಾವ ಭಾಷೆಯಲ್ಲಿ, ಇದು ಓಪನ್ ಸಭೆಯೋ ಕ್ಲೋಸ್ಡೋ. ಓಪನ್ ಸಭೆಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಕೊನೆಗೆ, ಬಿಡದೆ ಕೇಳಬೇಕಾದ ಮಾತೊಂದಿದೆ: "ಬಾಗಿಲಲ್ಲಿ ಯಾರಾದರೂ ನನಗೆ ಸಿಗ್ತೀರಾ?" ಹೆಚ್ಚಿನ ಕಡೆ ಹೂಂ ಎನ್ನುತ್ತಾರೆ, ಬಸ್‌ಸ್ಟಾಂಡಿಗೆ ಬಂದು ಕರೆದೊಯ್ಯುವವರೂ ಇದ್ದಾರೆ.

ಭಾಷೆಯ ವಿಷಯ ಸಣ್ಣದಲ್ಲ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವವರಿಗೆ ಇಂಗ್ಲಿಷಿನ ಸಭೆಯಲ್ಲಿ ತಲೆಯಾಡಿಸಿ ಕೂರುವುದು ಆಗುತ್ತದೆ, ಮನಸ್ಸು ಬಿಚ್ಚುವುದು ಆಗುವುದಿಲ್ಲ. ನಿಮ್ಮ ಭಾಷೆಯಲ್ಲೇ ಹೇಳಿಕೊಳ್ಳಬಹುದೇ ಎಂದು ಕೇಳಿ. ನಮ್ಮ ಊರುಗಳಲ್ಲಿ ಒಂದೇ ಕೋಣೆಯಲ್ಲಿ ಮೂರು ಭಾಷೆ ಓಡಾಡುವುದು ಹೊಸದೇನಲ್ಲ.

ಗುರ್ತದವರು ಕಂಡರೆ?

ಸಭೆಗೆ ಹೋಗದಿರಲು ಜನ ಕೊಡುವ ಕಾರಣಗಳಲ್ಲಿ ಇದೇ ಮೊದಲನೆಯದು, ಮತ್ತು ಇದು ನ್ಯಾಯವಾದ ಭಯ. ಕಾಪುವಿನಲ್ಲೋ ಮೂಡುಬಿದಿರೆಯಲ್ಲೋ ಒಬ್ಬ ಮಾಸ್ಟ್ರು, ಬ್ಯಾಂಕಿನವರು, ಬಸ್ ಕಂಡಕ್ಟರ್ ಎಲ್ಲಿಗೆ ಹೋದರೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಪರಿಹಾರವೂ ಇದೇ ಭೂಗೋಳದಲ್ಲಿದೆ. ಹೆದ್ದಾರಿ 66ರ ಉದ್ದಕ್ಕೂ ಬಸ್ಸಿಗೆ ಬರವಿಲ್ಲ. ಉಡುಪಿಯವರು ಮಂಗಳೂರಿಗೆ, ಸುರತ್ಕಲ್ಲಿನವರು ಉಡುಪಿಗೆ ಹೋಗಿ ಬರಬಹುದು, ಒಂದು ಕಡೆಗೆ ಒಂದೂವರೆ ಗಂಟೆಯೊಳಗಿನ ಪ್ರಯಾಣ. ಆದರೆ ಹಿಂತಿರುಗುವ ಕೊನೆಯ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ, ಮುಖ್ಯವಾಗಿ ಒಳ ಊರುಗಳಿಗೆ ಹೋಗುವ ಸರ್ವಿಸ್ ಬಸ್ಸು. ಬಸ್ಸು ತಪ್ಪಿ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲುವುದು ಹೊಸದಾಗಿ ಬಿಟ್ಟವರಿಗೆ ಹಿಡಿಸುವ ಸಂಗತಿಯಲ್ಲ.

ದೂರದ ಗುಂಪು ಶುರುವಿಗೆ ಸರಿ, ಆದರೆ ವಾರಕ್ಕೆ ಎರಡು ಮೂರು ಸಲ ಅಷ್ಟು ದೂರ ಹೋಗುವುದು ಎರಡನೇ ತಿಂಗಳಿಗೇ ಕಷ್ಟವಾಗುತ್ತದೆ. ಮೊದಲ ನಾಲ್ಕಾರು ಸಭೆ ದೂರದಲ್ಲಿ, ಧೈರ್ಯ ಬಂದ ಮೇಲೆ ಹತ್ತಿರದಲ್ಲಿ, ಹೀಗೆ ಮಾಡಿದವರು ಹೆಚ್ಚು ಉಳಿಯುತ್ತಾರೆ. ಇನ್ನು ಒಳಗೆ ಗುರ್ತದವರು ಸಿಕ್ಕೇ ಸಿಕ್ಕರೆ, ಅವರು ಅಲ್ಲಿಗೆ ಬಂದದ್ದೂ ಅದೇ ಕಾರಣಕ್ಕೆ ಎಂಬುದನ್ನು ನೆನಪಿಡಿ. ಹೊರಗೆ ಪೇಟೆಯಲ್ಲಿ ಎದುರಾದಾಗ ಸಭೆಯ ವಿಷಯ ಎತ್ತದೆ ಮಾಮೂಲಿನಂತೆ ನಗುವುದು ಅಲ್ಲಿನ ರಿವಾಜು. ಆಸ್ಪತ್ರೆಯ ದಾಖಲೆಗಳ ಬಗ್ಗೆ ಹೆದರುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯವ್ಯಸನದ ಚಿಕಿತ್ಸೆಗೂ ಅನ್ವಯಿಸುತ್ತದೆ, ನಿಮ್ಮ ಮಾಹಿತಿಯ ಗೋಪ್ಯತೆ ಅಲ್ಲಿ ಕಾನೂನಿನ ಹಕ್ಕು.

ಮೊದಲ ಸಭೆ

ಹತ್ತು ನಿಮಿಷ ಮೊದಲು ತಲುಪಿ. ಹೊಟ್ಟೆಗೆ ಏನಾದರೂ ತಿಂದು ಹೋಗಿ, ಹಸಿವು ಮತ್ತು ಕುಡಿಯುವ ಚಪಲ ಒಳಗಿಂದ ಒಂದೇ ಥರ ಕಾಣುತ್ತವೆ. ಮೊಬೈಲ್ ಸೈಲೆಂಟ್ ಮಾಡಿ. ಸಭೆ ಒಂದರಿಂದ ಒಂದೂವರೆ ಗಂಟೆ. ನಡೆಸುವವರು ಪ್ರಾರಂಭದ ಓದು ಓದುತ್ತಾರೆ, ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಓದುವುದೂ ಉಂಟು, ಆಮೇಲೆ ಒಬ್ಬೊಬ್ಬರೇ ಕೆಲವು ನಿಮಿಷ ತಮ್ಮ ಅನುಭವ ಹೇಳುತ್ತಾರೆ. ಒಬ್ಬರು ಮಾತಾಡುವಾಗ ಉಳಿದವರು ಅಡ್ಡ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಸರದಿ ಬಂದಾಗ "ನಾನು ಇವತ್ತು ಕೇಳಲಿಕ್ಕೆ ಬಂದದ್ದು" ಎಂದರೆ ಮುಗಿಯಿತು. ಹೆಸರು ಹೇಳಿ "ನಾನು ಆಲ್ಕೋಹಾಲಿಕ್" ಎನ್ನುವ ರೂಢಿ ಇದೆ, ಬಾಯಿಗೆ ಬರುವವರೆಗೆ ಹೇಳದಿದ್ದರೂ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಹಣದ ಡಬ್ಬಿ ಸುತ್ತು ಬಂದಾಗ ಹೊಸಬರು ಏನೂ ಹಾಕಬೇಕಿಲ್ಲ. ಕೊನೆಗೆ ಪ್ರಾರ್ಥನೆ, ಚಹಾ.

ಆ ಚಹಾದ ಹೊತ್ತಿಗೆ ಓಡಿಬಿಡಬೇಡಿ. ಸಭೆಯಷ್ಟೇ ಮುಖ್ಯ ಅದರ ನಂತರದ ಹದಿನೈದು ನಿಮಿಷ. ಇಬ್ಬರ ಫೋನ್ ನಂಬರ್ ತೆಗೆದುಕೊಂಡು, ಎದುರೇ ಒಂದು ಮಿಸ್ಡ್ ಕಾಲ್ ಕೊಟ್ಟು, ಹೊರಡಿ. ಚಪಲ ಬಂದ ರಾತ್ರಿ ಹೊಸ ನಂಬರಿಗೆ ಮೊದಲ ಸಲ ಕರೆ ಮಾಡಲು ಯಾರಿಗೂ ಕೈ ಬರುವುದಿಲ್ಲ, ಆದ್ದರಿಂದ ಮರುದಿನವೇ, ಏನೂ ತೊಂದರೆ ಇಲ್ಲದಿರುವಾಗಲೇ, ಒಮ್ಮೆ ಮಾತಾಡಿ ಅಭ್ಯಾಸ ಮಾಡಿ.

ಕುಡಿದು ಹೋದರೆ? ಕುಡಿಯದೆ ಹೋಗುವುದೇ ಸರಿ. ಆದರೆ ಕುಡಿದಿದ್ದೇನೆ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯುವುದಕ್ಕಿಂತ ಹೋಗಿ ಹಿಂದಿನ ಸಾಲಿನಲ್ಲಿ ಮಾತಾಡದೆ ಕೂರುವುದು ಮೇಲು. ಗಾಡಿ ಓಡಿಸಿಕೊಂಡು ಮಾತ್ರ ಹೋಗಬೇಡಿ.

ಆರು ಸಭೆ ಮುಗಿಯುವವರೆಗೆ ತೀರ್ಮಾನ ಬೇಡ

ಮೊದಲ ಸಭೆಯಲ್ಲಿ ಹೆಚ್ಚಿನವರಿಗೆ ಅನ್ನಿಸುವುದು "ಇವರಷ್ಟು ನಾನು ಕೆಟ್ಟಿಲ್ಲ" ಎಂದು. ಮನೆ ಮಾರಿದವರ, ಕೆಲಸ ಕಳೆದುಕೊಂಡವರ ಕತೆ ಕೇಳಿ ತನ್ನನ್ನು ಮೇಲೆ ಇಟ್ಟುಕೊಳ್ಳುವುದು ಸಹಜ. ಆ ಅಳತೆ ಬಿಟ್ಟು, ಅವರು ಹೇಳಿದ್ದರಲ್ಲಿ ನನಗೂ ಆದದ್ದು ಯಾವುದು ಎಂದು ಹುಡುಕುತ್ತಾ ಕೇಳಿ. ಒಂದೇ ಗುಂಪಿಗೆ ಮೂರು ಸಲ, ಇನ್ನೊಂದಕ್ಕೆ ಮೂರು ಸಲ ಹೋದ ಮೇಲೆ ಯಾವುದು ನಿಮ್ಮದು ಎಂದು ಗೊತ್ತಾಗುತ್ತದೆ. ಹಳೆಯ ಸದಸ್ಯರು ಶುರುವಿನ ತೊಂಬತ್ತು ದಿನದಲ್ಲಿ ತೊಂಬತ್ತು ಸಭೆ ಎನ್ನುತ್ತಾರೆ. ಅಷ್ಟು ಆಗದವರು ಮೊದಲ ಮೂರು ತಿಂಗಳು ವಾರಕ್ಕೆ ಮೂರಕ್ಕಿಂತ ಕಡಿಮೆ ಮಾಡಬೇಡಿ, ಉಳಿದ ಸಂಜೆಗಳಿಗೆ ಆನ್‌ಲೈನ್ ಸಭೆ ಅಥವಾ ಒಂದು ಫೋನ್ ಕರೆ.

ಗುಂಪು ಗಟ್ಟಿಯಾದದ್ದು ಎಂದು ತಿಳಿಯುವುದು ಹೇಗೆ? ಹೇಳಿದ ಸಮಯಕ್ಕೆ ಶುರುವಾಗುತ್ತದೆ. ಹತ್ತು ವರ್ಷ ಬಿಟ್ಟವರೂ ಹತ್ತು ದಿನ ಬಿಟ್ಟವರೂ ಇರುತ್ತಾರೆ. ಹೊಸಬರನ್ನು ಯಾರಾದರೂ ಮಾತಾಡಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಯಾರೋ ಒಬ್ಬರೇ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದರೆ, ಸಾಲ ಕೇಳಿದರೆ, ಚೀಟಿ ಫಂಡು, ವಿಮೆ, ರಾಜಕೀಯ ಎಳೆದು ತಂದರೆ, ಅಥವಾ ಡಾಕ್ಟ್ರು ಕೊಟ್ಟ ಮಾತ್ರೆ ಬಿಡು ಎಂದರೆ ಬೇರೆ ಗುಂಪು ನೋಡಿ. ಎ.ಎ. ವೈದ್ಯಕೀಯ ಸಲಹೆ ಕೊಡುವ ಸಂಸ್ಥೆಯಲ್ಲ, ಹಾಗೆ ಹೇಳುವವರು ತಮ್ಮ ಸ್ವಂತ ಅಭಿಪ್ರಾಯ ಹೇಳುತ್ತಿದ್ದಾರೆ.

ಒಂದು ತಿಂಗಳೊಳಗೆ ಸ್ಪಾನ್ಸರ್ ಒಬ್ಬರನ್ನು ಕೇಳಿಕೊಳ್ಳಿ. ಅಂದರೆ ಹನ್ನೆರಡು ಹೆಜ್ಜೆಗಳಲ್ಲಿ ನಿಮ್ಮನ್ನು ಕೈಹಿಡಿದು ನಡೆಸುವ ಹಳೆಯ ಸದಸ್ಯ. ಕನಿಷ್ಠ ಒಂದು ವರ್ಷ ಬಿಟ್ಟವರಾಗಿರಲಿ, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರುವುದು ಕ್ಷೇಮ. ಹಣದ ವ್ಯವಹಾರ ಅವರ ಜೊತೆ ಬೇಡವೇ ಬೇಡ. ಒಳ್ಳೆಯ ಮಾತುಗಾರರನ್ನು ಹುಡುಕಬೇಡಿ, ಫೋನ್ ಎತ್ತುವವರನ್ನು ಹುಡುಕಿ.

ಮಾತ್ರೆಯೂ ಗುಂಪೂ

ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಚಪಲ ತಗ್ಗಿಸಲು ಕೊಡುವ ಔಷಧಿಗಳು. ಡೈಸಲ್ಫಿರಾಂ ಬೇರೆ ಬಗೆಯದು: ಅದನ್ನು ನುಂಗುವವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಜೀವವೂ ಹೋಗಬಹುದು. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಆದ್ದರಿಂದ ಅದನ್ನು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡಬೇಕು. "ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಿ" ಎಂದು ಜಾಹೀರಾತು ಮಾಡುವ ಪುಡಿಗಳನ್ನು ಮನೆಯೊಳಗೆ ತರಬೇಡಿ, ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ. ಡೈಸಲ್ಫಿರಾಂ ತೆಗೆದುಕೊಳ್ಳುವವರು ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳನ್ನೂ ಬಿಡಬೇಕು, ಹುದುಗಿಸಿ ತಯಾರಿಸುವ ಅವುಗಳಲ್ಲಿ ಮದ್ಯಸಾರ ಇರುತ್ತದೆ. ಕೆಲವು ಕೆಮ್ಮಿನ ಸಿರಪ್ಪುಗಳೂ ಹಾಗೆಯೇ. ಅಂಗಡಿಯಲ್ಲಿ ಲೇಬಲ್ ಓದಿಸಿ ತೆಗೆದುಕೊಳ್ಳಿ.

ಕರಾವಳಿಯ ವರ್ಷದಲ್ಲಿ ಜಾರುವ ಜಾಗಗಳು

ಗುಂಪಿಗೆ ಸೇರಿದ ಮೇಲೆ ಮೊದಲು ಮಾಡಬೇಕಾದ ಕೆಲಸ, ಸ್ಪಾನ್ಸರ್ ಜೊತೆ ಕೂತು ಕ್ಯಾಲೆಂಡರ್ ಬಿಡಿಸುವುದು. ಕಾರ್ತಿಕ ಬಂದರೆ ಕೋಲ, ನೇಮ, ಕಂಬಳಗಳ ರಾತ್ರಿಗಳು ಮೇ ಕೊನೆಯ ಪತ್ತನಾಜೆವರೆಗೆ ಸಾಲುಸಾಲು. ಕೊರಗಜ್ಜನಂಥ ದೈವಕ್ಕೆ ಕಳ್ಳು ಇಡುವ ಕಟ್ಟು ಇರುವ ಮನೆಯವರು ದೈವಕ್ಕೆ ಅಪಚಾರವಾದೀತೆಂದು ಸಂಕಟಪಡುತ್ತಾರೆ. ಸೇವೆ ನಡೆಯಲಿ, ನೀವು ಕೈಮುಗಿದು ಗಂಧ ತೆಗೆದುಕೊಳ್ಳಿ, ಪ್ರಸಾದದ ಕಳ್ಳನ್ನು ಮನೆಯ ಇನ್ನೊಬ್ಬರು ಸ್ವೀಕರಿಸಲಿ. ಇದನ್ನು ಕುಟುಂಬದ ಹಿರಿಯರಿಗೆ ವಾರ ಮೊದಲೇ ಹೇಳಿಡಿ, ಅಲ್ಲೇ ನಿಂತು ವಾದ ಮಾಡುವ ಪ್ರಸಂಗ ಬರಬಾರದು. ಮದುವೆಗೆ ಮುಂಚಿನ ಮೆಹಂದಿ, ರೋಸ್ ಕಾರ್ಯಕ್ರಮಗಳಿಗೆ ಮೊದಲ ವರ್ಷ ಹೋಗದಿದ್ದರೆ ನಷ್ಟವೇನಿಲ್ಲ. ಹೋಗಲೇಬೇಕಾದರೆ ಊಟದ ಹೊತ್ತಿಗೆ ಹೋಗಿ, ಸ್ವಂತ ಗಾಡಿಯಲ್ಲಿ ಅಥವಾ ಗುಂಪಿನ ಗೆಳೆಯನ ಜೊತೆ, ಬೇಕೆಂದಾಗ ಹೊರಡುವ ಹಾಗೆ ಇರಿ. ಕೈಯಲ್ಲಿ ಯಾವಾಗಲೂ ಒಂದು ಗ್ಲಾಸು ಶರಬತ್ತು ಇಟ್ಟುಕೊಂಡರೆ ಒತ್ತಾಯ ಮಾಡುವವರು ಅರ್ಧ ಕಡಿಮೆಯಾಗುತ್ತಾರೆ.

ಮಲ್ಪೆ ಮತ್ತು ಮಂಗಳೂರು ಧಕ್ಕೆಯ ಬೋಟಿನವರ ಕತೆ ಬೇರೆ. ಆಳಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ಸಭೆಯೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೆಚ್ಚಿನವರು ಜಾರುವುದು ಸಮುದ್ರದಲ್ಲಿ ಅಲ್ಲ, ಮೀನು ಇಳಿಸಿ ಪಾಲು ಕೈಗೆ ಬಂದ ಸಂಜೆ. ಬೋಟು ಬರುವ ದಿನ ಮನೆಯವರಿಗೆ ತಿಳಿದಿರಲಿ, ಹಣ ನೇರ ಮನೆಯವರ ಖಾತೆಗೆ ಹೋಗಲಿ, ಧಕ್ಕೆಗೆ ಗುಂಪಿನ ಒಬ್ಬರು ಬಂದು ನಿಲ್ಲಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧ ಒಂದು ಕಡೆ ಗಂಡಾಂತರ, ಇನ್ನೊಂದು ಕಡೆ ಅವಕಾಶ. ಕೆಲಸವಿಲ್ಲದ ಆ ಎರಡು ತಿಂಗಳನ್ನು ಚಿಕಿತ್ಸೆಗೆ, ದಿನಕ್ಕೊಂದು ಸಭೆಗೆ ಮೀಸಲಿಟ್ಟರೆ ಆಗಸ್ಟಿನಲ್ಲಿ ಬೋಟು ಹತ್ತುವಾಗ ಕಾಲು ಗಟ್ಟಿಯಾಗಿರುತ್ತದೆ. ಗಲ್ಫಿನಿಂದ ರಜೆಗೆ ಬಂದು ಬಿಟ್ಟವರು ವಾಪಸ್ ಹೋಗುವ ಮೊದಲು ಅಲ್ಲಿನ ಸಭೆಯ ಅಥವಾ ಆನ್‌ಲೈನ್ ಗುಂಪಿನ ನಂಬರ್ ಜೊತೆಯಲ್ಲೇ ಒಯ್ಯಬೇಕು.

ಮನೆಯವರಿಗೆ, ಮತ್ತು ಕುಡಿಯುವ ಹೆಂಗಸರಿಗೆ

ಕುಡಿಯುವವರು ಬರಲು ಒಪ್ಪದಿದ್ದರೂ ಮನೆಯವರು ಕಾಯಬೇಕಿಲ್ಲ. ಅವರಿಗಾಗಿಯೇ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ, ಎ.ಎ. ಸದಸ್ಯರನ್ನು ಕೇಳಿದರೆ ಹತ್ತಿರದ್ದು ಎಲ್ಲಿ ಎಂದು ತಿಳಿಯುತ್ತದೆ. ಅಲ್ಲಿ ಕಲಿಯುವ ಮೊದಲ ಪಾಠ: ಅವರ ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹತೋಟಿಗೆ ತರುವುದೂ ವಾಸಿ ಮಾಡುವುದೂ ನಿಮ್ಮ ಕೈಯಲ್ಲಿಲ್ಲ. ಕೆಲಸದ ಕಡೆಗೆ ಸುಳ್ಳು ಫೋನ್ ಮಾಡುವುದು, ಅಂಗಡಿಯ ಸಾಲ ತೀರಿಸುವುದು ನಿಲ್ಲಿಸಿ. ಸಭೆಗೆ ಕರೆದುಕೊಂಡು ಹೋದರೆ ಗೇಟಿನಲ್ಲೇ ಬಿಟ್ಟು ಬನ್ನಿ, ಒಳಗೆ ಅವರ ಪರವಾಗಿ ನೀವು ಮಾತಾಡಬೇಡಿ. ಹೊಡೆತ ಬಡಿತ ಇದ್ದರೆ ಗುಂಪಿಗಾಗಿ ಕಾಯಬೇಡಿ, 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

"ಎತ್ತಿಕೊಂಡು ಹೋಗಿ ಆರು ತಿಂಗಳು ಇಟ್ಟುಕೊಳ್ಳುತ್ತೇವೆ" ಎನ್ನುವ ಖಾಸಗಿ ಕೇಂದ್ರಗಳಿಗೆ ಹಣ ಕಟ್ಟುವ ಮೊದಲು, 2017ರ ಕಾಯ್ದೆಯಡಿ ನೋಂದಣಿ ಪತ್ರ ತೋರಿಸಲು ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ, ರೋಗಿಗೆ ಫೋನ್ ಮಾಡಲು ಬಿಡುತ್ತಾರೆಯೇ ಎಂದು ಕೇಳಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಆ ಕಾಯ್ದೆ ನಿಷೇಧಿಸಿದೆ. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕುಡಿಯುವ ಹೆಂಗಸರು ನಮ್ಮಲ್ಲಿ ಇಲ್ಲವೆಂದು ನಟಿಸುವುದರಿಂದ ಅವರು ಆಸ್ಪತ್ರೆಗೆ ಬರುವಾಗ ಲಿವರ್ ಕೈಬಿಟ್ಟಿರುತ್ತದೆ. ಗಂಡಸರೇ ತುಂಬಿದ ಕೋಣೆಗೆ ಒಬ್ಬರೇ ಕಾಲಿಡುವುದು ಕಷ್ಟ, ಹಾಗಾಗಿ ಫೋನ್ ಮಾಡಿದಾಗ "ಮಹಿಳಾ ಸದಸ್ಯರು ಯಾರಾದರೂ ನನ್ನ ಜೊತೆ ಮಾತಾಡಬಹುದಾ" ಎಂದು ಕೇಳಿ. ಮಹಿಳೆಯರಿಗಾಗಿಯೇ ಇರುವ ಆನ್‌ಲೈನ್ ಸಭೆಯಿಂದ ಶುರು ಮಾಡುವುದು ಅವರ ಮಟ್ಟಿಗೆ ಒಳ್ಳೆಯ ದಾರಿ.

ಮತ್ತೆ ಕುಡಿದರೆ

ಶಿಬಿರ ಮುಗಿಸಿ ನೂರು ದಿನ ದಾಟಿದ ಮೇಲೆ, ಅಥವಾ ಆರು ತಿಂಗಳಾದ ಮೇಲೆ "ಒಂದು ಬಿಯರ್ ಏನಾಗುತ್ತದೆ" ಎಂಬ ಯೋಚನೆ ಬರುವುದು ತೀರಾ ಮಾಮೂಲು. ಅದಕ್ಕಿಂತ ಮೊದಲು ಸಭೆ ತಪ್ಪಿಸುವುದು, ಸ್ಪಾನ್ಸರ್ ಫೋನ್ ಎತ್ತದಿರುವುದು ಶುರುವಾಗಿರುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಈಗ ಇದೆ ಎಂದು ನೋಡಿಕೊಂಡು ಅದಕ್ಕೆ ಮೊದಲು ಮದ್ದು ಮಾಡಿ: ಊಟ, ಜಾಗ ಬಿಡುವುದು, ಫೋನ್, ನಿದ್ದೆ.

ಕುಡಿದೇಬಿಟ್ಟರೆ, ಎಷ್ಟು ದಿನ ಕುಡಿದಿರಿ ಎಂಬುದು ಮುಖ್ಯ. ಒಂದು ದಿನದ್ದಾದರೆ ಬಾಟಲಿ ಚೆಲ್ಲಿ, ಅವತ್ತೇ ಫೋನ್ ಮಾಡಿ, ಮುಂದಿನ ಸಭೆಗೆ ಹೋಗಿ ಹೇಳಿಕೊಳ್ಳಿ. ಡೈಸಲ್ಫಿರಾಂ ನುಂಗುತ್ತಿದ್ದವರು ಕುಡಿದರೆ ಎಷ್ಟೇ ಸ್ವಲ್ಪವಾದರೂ ತುರ್ತು ವಿಭಾಗಕ್ಕೆ ಹೋಗಬೇಕು. ಹಲವು ದಿನ ಎಡೆಬಿಡದೆ ಕುಡಿದಿದ್ದರೆ ತಾನಾಗಿ ನಿಲ್ಲಿಸದೆ ಮೊದಲು ಆಸ್ಪತ್ರೆಗೆ ಹೋಗಿ, ಮೊದಲ ಸಲದ ನಡುಕಕ್ಕಿಂತ ಈ ಸಲದ್ದು ಜೋರಾಗಿರಬಹುದು. ಗುಂಪಿಗೆ ಹಿಂತಿರುಗಲು ಮುಖವಿಲ್ಲ ಎಂದು ಅನ್ನಿಸುತ್ತದೆ. ಆ ಕೋಣೆಯಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಒಂದಕ್ಕಿಂತ ಹೆಚ್ಚು ಸಲ ಹಿಂತಿರುಗಿ ಬಂದವರು. ಅಲ್ಲಿ ಕೇಳುವುದು ಹೊಸ ತಾರೀಕು ಯಾವುದು ಎಂದಷ್ಟೇ.